ತೆಳುಗಾಳಿಯ ಕಾವು

ಮರಿಯಕ್ಕನಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಬೆಟ್ಟದ ಮೇಲಿನ ಈ ಊರಿಗೆ ಬಂದ ಮೇಲಂತೂ ಒಂದು ಕಡೆ ನಿಲ್ಲುವುದೂ ಆಗುತ್ತಿರಲಿಲ್ಲ. ಒಲೆಯ ಮುಂದಿದ್ದರೆ ಹಿಂದಿನ ಕೋಣೆಯ ಚಿಂತೆ. ಹಿಂದಿನ ಕೋಣೆಯಲ್ಲಿದ್ದರೆ ಕಿಟಕಿಯ ಚಿಂತೆ. ಕಿಟಕಿಗೆ ಹೋದರೆ ಕೆಳಗಿನ ತಿರುವಿನಲ್ಲಿ ಭಾವನ ಲಾರಿ ಕಂಡುಬಿಡುತ್ತದೋ ಏನೋ ಎಂಬ ಚಿಂತೆ. ಈ ಮೂರರ ನಡುವೆ ಮಗ್ಗದ ಲಾಳಿಯ ಹಾಗೆ ಅಡ್ಡಾಡುವಳು. ಅಡ್ಡಾಡಿದರೆ ಏದುಸಿರು. ಏದುಸಿರು ಬಂದಾಗ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಅರೆಬಾಯಿ ತೆರೆದು, ಎದೆಬಡಿತ ಇಳಿಯಲೆಂದು ಕಾಯುವಳು. ಪೂರ್ತಿ ಇಳಿಯುವ ಮೊದಲೇ ಮತ್ತೆ ಹೆಜ್ಜೆ ಎತ್ತುವಳು.

"ಇಲ್ಲಿ ಗಾಳಿ ತೆಳು ಕಣೇ," ಎಂದು ಗಂಡ ಮೊದಲ ದಿನವೇ ಹೇಳಿದ್ದ. "ಕೆಳಗೆ ಒಂದು ಉಸಿರು ಎಳ್ಕೊಂಡ್ರೆ ಸಾಕು ಅನ್ನೋ ಕಡೆ ಇಲ್ಲಿ ಎರಡು ಎಳ್ಕೋಬೇಕು. ನಿಧಾನಕ್ಕೆ ನಡಿ."

"ನಿಧಾನ ನನಗೆ ಹುಟ್ಟಿಬಂದದ್ದಲ್ಲ."

"ಅದು ಊರಿಗೇ ಗೊತ್ತು. ಅದಕ್ಕೇ ಹೇಳ್ತಿರೋದು."

ಗಂಡ ರೋಪ್‌ವೇ ಮೆಕ್ಯಾನಿಕ್. ಕಣಿವೆಯ ಮೇಲೆ ತೂಗುತ್ತ ಹೋಗುವ ಡಬ್ಬಿಗಳ ರಾಟೆಗೆ ಗ್ರೀಸ್ ಹಚ್ಚುವುದು, ಉಕ್ಕಿನ ಹಗ್ಗದ ಎಳೆಯೆಳೆಯನ್ನೂ ಕೈಯಲ್ಲಿ ಸವರಿ ನೋಡುವುದು ಅವನ ಕೆಲಸ. ಮದುವೆಯಾದ ಲಾಗಾಯ್ತು ಅವನು ಮೇಲೆ, ಅವಳು ಕೆಳಗೆ. ಕೆಳಗೆ, ಬಯಲಿನ ಊರಿನಲ್ಲಿ, ಗಂಡನ ಅಣ್ಣ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಕೋಳಿಮರಿ ಮಾಡುವ ಹ್ಯಾಚರಿ ಇಟ್ಟಿದ್ದ. ಆ ಭಾವನ ಬಲಗೈ ಅವಳು. ಮರಿಯಕ್ಕ ಎಂಬ ಹೆಸರು ಬಿದ್ದದ್ದೂ ಅಲ್ಲೇ. ಮೊಟ್ಟೆಯನ್ನು ಕಿವಿಗೆ ಹಿಡಿದು, ಒಳಗಿನ ಮರಿ ಗಟ್ಟಿಯಾಗಿದೆಯೋ ಸೋತಿದೆಯೋ ಎಂದು ಹೇಳುತ್ತಿದ್ದಳು. ಆ ಕಿವಿ ಅವಳಿಗೆ ತಾಯಿ ಕೊಟ್ಟದ್ದು. ತಾಯಿ ಬೆಳಗಿನ ಮುಸುಕಿನಲ್ಲಿ ದೇವರ ಮುಂದೆ ಕೂತು ಪದ್ಯಗಳನ್ನು ರಾಗವಾಗಿ ಓದುತ್ತಿದ್ದಳು. ಹೊದಿಕೆಯೊಳಗೆ ಮಲಗಿದ್ದ ಹುಡುಗಿ ಅರ್ಥ ತಿಳಿಯದೆಯೇ ಕೇಳುತ್ತಿದ್ದಳು. ದನಿ ಎಲ್ಲಿ ಏರುತ್ತದೆ, ಎಲ್ಲಿ ಉಸಿರಿಗಾಗಿ ನಿಲ್ಲುತ್ತದೆ, ನಿಂತದ್ದು ಎಲ್ಲಿಂದ ಮತ್ತೆ ಎದ್ದುಕೊಳ್ಳುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಈಗಲೂ ಕೆಲಸದ ನಡುವೆ ಆ ಪದ್ಯಗಳೇ ತುಟಿಯಲ್ಲಿ ಹರಿಯುತ್ತಿದ್ದವು.

ವಯಸ್ಸು ನಲವತ್ತು ದಾಟಿದ ಮೇಲೆ ಗಂಡಹೆಂಡಿರಿಗೆ ಒಂದೇ ಸೂರಿನಡಿ ಇರಬೇಕೆಂದು ಮನಸ್ಸಾಯಿತು. ಭಾವ ಮೊದಲು ಮುಖ ಊದಿಸಿಕೊಂಡ. ಆಮೇಲೆ ಅವನಿಗೂ ಒಂದು ಯೋಚನೆ ಹೊಳೆಯಿತು. ಬಯಲಿನಿಂದ ಲಾರಿಯಲ್ಲಿ ಮೇಲಕ್ಕೆ ಕಳಿಸಿದ ಮರಿಗಳಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಬಾಯಿ ಬಿಟ್ಟು ಸಾಯುತ್ತಿದ್ದವು. ಮೇಲೆಯೇ ಹುಟ್ಟಿದ ಮರಿ ಮೇಲಿನ ಗಾಳಿಗೆ ಒಗ್ಗೀತು ಎಂದು ಹಳೆಯ ಯಂತ್ರವೊಂದನ್ನು ಅವಳ ಜೊತೆ ಕಳಿಸಿದ. ಹಿಮ ಬಿದ್ದು ಘಟ್ಟದ ದಾರಿ ಮುಚ್ಚುವ ಮುಂಚಿನ ಕೊನೆಯ ಲಾರಿ ಬರುವಷ್ಟರಲ್ಲಿ ಯಂತ್ರ ಮರಿ ಮಾಡಿರಬೇಕು. ಮಾಡಿದರೆ ಯಂತ್ರವೂ ಅವಳೂ ಇಲ್ಲೇ. ಮಾಡದಿದ್ದರೆ ಎರಡೂ ಲಾರಿ ಹತ್ತಿ ಕೆಳಕ್ಕೆ. ಹೂಂ ಎಂದು ಅವಳು ಮಾತು ಕೊಟ್ಟಿದ್ದಳು. ಕೊಟ್ಟ ಮಾತು ಅವಳು ತಪ್ಪುವವಳಲ್ಲ ಎಂಬುದು ಭಾವನಿಗೂ ಗೊತ್ತು, ಗಂಡನಿಗೂ ಗೊತ್ತು. ಅದಕ್ಕೇ ಗಂಡ ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಸಂಜೆ ಬಂದು ಗ್ರೀಸಿನ ಕೈ ತೊಳೆಯುವಾಗ ಹಿಂದಿನ ಕೋಣೆಯ ಕಡೆ ಒಮ್ಮೆ ಕತ್ತು ತಿರುಗಿಸಿ, ಏನೂ ಕೇಳದೆ ಟವೆಲಿಗೆ ಕೈ ಹಾಕುತ್ತಿದ್ದ.

ಮೊದಲ ಸಲ ಇಟ್ಟ ಮೊಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ. ಎರಡನೆಯ ಸಲವೂ ಅಷ್ಟೆ. ಹ್ಯಾಚರಿಯ ಕಟ್ಟಳೆಯಂತೆ ಮೂರು ವಾರ ತುಂಬಿದ ದಿನ ಮಧ್ಯಾಹ್ನಕ್ಕೆ ಟ್ರೇ ಖಾಲಿ ಮಾಡಿ ಬಕೆಟ್ಟಿಗೆ ಸುರಿದಳು. ಬಯಲಿನಲ್ಲಿ ಆ ಹೊತ್ತಿಗೆ ಹುಟ್ಟಬೇಕಾದ್ದೆಲ್ಲ ಹುಟ್ಟಿ, ಮೈ ಒಣಗಿಸಿಕೊಂಡು, ಕಾಲ ಮೇಲೆ ನಿಂತಿರುತ್ತಿತ್ತು. ಉಳಿದದ್ದು ಕಸ. ಎರಡನೆಯ ಸಲದ ಬಕೆಟ್ಟನ್ನು ಹಿತ್ತಲ ಗುಂಡಿಗೆ ಒಯ್ಯುವ ಮುಂಚೆ ಗಂಡ ಡಾಕ್ಟರನ್ನು ಕರೆತಂದ.

ಡಾಕ್ಟರು ಆಡು ಕುರಿಗಳ ಡಾಕ್ಟರು. ಕೋಳಿ ತಮ್ಮ ಕ್ಷೇತ್ರವಲ್ಲ ಎಂದು ಹೊಸ್ತಿಲಲ್ಲೇ ಹೇಳಿಕೊಂಡರು. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಬಕೆಟ್ಟಿನಿಂದ ಕೈಗೆ ಸಿಕ್ಕ ನಾಲ್ಕನ್ನು ತೆಗೆದು, ಚಮಚದ ಹಿಂಬದಿಯಿಂದ ಚಿಪ್ಪು ತಟ್ಟಿ ಬಿಡಿಸಿದರು.

"ನೋಡಿ ಅಮ್ಮಾ, ಮರಿ ಬೆಳೆದಿದೆ. ಕೊಕ್ಕಿದೆ, ಉಗುರಿದೆ. ಈ ಪೊರೆ ಮುಟ್ಟಿ ನೋಡಿ."

ಮುಟ್ಟಿದಳು. ಒದ್ದೆಯಾಗಿ ಜಾರಬೇಕಾದ ಒಳಪೊರೆ ಒಣಗಿದ ತೊಗಲಿನ ಹಾಗೆ ಮರಿಯ ಮೈಗೆ ಬಿಗಿದುಕೊಂಡಿತ್ತು.

"ಮಷಿನ್ನಿನ ಗಾಳಿಕಿಂಡಿ ಎಷ್ಟು ತೆಗೆದಿದ್ರಿ?"

"ಪೂರ್ತಿ. ಕೋಣೆ ಕಿಟಕೀನೂ ತೆಗೆದಿಟ್ಟಿದ್ದೆ. ನನಗೇ ಉಸಿರು ಸಾಲ್ತಿಲ್ಲ ಡಾಕ್ಟ್ರೇ, ಇನ್ನು ಚಿಪ್ಪೊಳಗಿನ ಜೀವಕ್ಕೆ ಹೇಗೆ ಸಾಲಬೇಕು?"

ಡಾಕ್ಟರು ಹಣೆ ಚಚ್ಚಿಕೊಂಡರು. "ಒಳ್ಳೇ ಮನಸ್ಸಿಂದಾನೇ ಕೊಂದಿದೀರಿ ಹಾಗಾದ್ರೆ. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತು ಇರ್ತವೆ. ಗಾಳಿ ಒಳಗೆ ಹೋಗೋದೂ ಅದರಲ್ಲೇ, ಮೊಟ್ಟೇಲಿರೋ ನೀರು ಆವಿಯಾಗಿ ಹೊರಗೆ ಬರೋದೂ ಅದರಲ್ಲೇ. ಈ ತೆಳುಗಾಳೀಲಿ ನೀರು ಬಯಲಿಗಿಂತ ಬೇಗ ಹಾರಿಹೋಗುತ್ತೆ. ನೀವು ಉಸಿರು ಕೊಡೋಕೆ ಹೋಗಿ ನೀರು ಕಿತ್ಕೊಂಡ್ರಿ."

ಅವಳು ಕೂರಲಿಲ್ಲ. ಒಲೆಯ ತನಕ ಹೋಗಿ ಬಂದಳು. "ಮತ್ತೆ ಈ ಊರ ಪ್ರಾಣಿಗಳೆಲ್ಲ ಹೇಗೆ ಬದುಕ್ತವೆ?"

"ಒಂದೊಂದಕ್ಕೆ ಒಂದೊಂದು ದಾರಿ ಅಮ್ಮಾ. ಶಿಖರದ ಮೇಲಿಂದ ಸಾಲುಗಟ್ಟಿ ಹಾರಿಹೋಗೋ ಬಾತುಗಳಿವೆಯಲ್ಲ, ಅವುಗಳ ರಕ್ತ ಇರೋ ಚೂರುಪಾರು ಆಮ್ಲಜನಕಾನೇ ಗಬಕ್ಕನೆ ಹಿಡ್ಕೊಳ್ಳುತ್ತೆ, ಬಿಡೋದಿಲ್ಲ. ಬಂಡೆ ಸಂದಿ ಇಲಿಗೆ ಮಾಂಸದ ಒಳಗೆಲ್ಲ ರಕ್ತನಾಳದ ಬಲೆ ಒತ್ತೊತ್ತಾಗಿರುತ್ತೆ, ಹಿಡಿದದ್ದು ಮೂಲೆಮೂಲೆಗೂ ತಲುಪಲಿ ಅಂತ. ಇಲ್ಲೇ ತಲೆಮಾರುಗಟ್ಟಲೆ ಇರೋ ಕೋಳಿಗಳಂತೂ ಚಿಪ್ಪಿನ ತೂತನ್ನೇ ಕಡಿಮೆ ಮಾಡ್ಕೊಂಡಿರ್ತವೆ ಅಂತ ಓದಿದೀನಿ. ನೀರು ಉಳೀಲಿ ಅಂತ."

"ಹಾಗಾದ್ರೆ ಈ ಊರ ಕೋಳಿ ಮೊಟ್ಟೇನೇ ಇಟ್ರಾಯ್ತು!"

"ಚಳಿ ಹಿಡೀತು, ಅವು ಮೊಟ್ಟೆ ನಿಲ್ಲಿಸಿ ಎಷ್ಟೋ ದಿನ ಆಯ್ತು. ನಿಮ್ಮ ಭಾವನ ಲಾರಿ ಬರೋ ಹೊತ್ತು ಅವಕ್ಕೇನು ಗೊತ್ತು?"

ಬಾಗಿಲಲ್ಲಿ ನಿಂತಿದ್ದ ಗಂಡ ಕೆಮ್ಮಿದ. "ನಮ್ಮ ಶೆಡ್ಡಲ್ಲಿ ವೆಲ್ಡಿಂಗ್ ಆಮ್ಲಜನಕದ ಸಿಲಿಂಡರ್ ಇದೆ. ತಂದು ಮಷಿನ್ನಿಗೆ ಸ್ವಲ್ಪ ಬಿಡೋಣ್ವಾ?"

"ಬೇಡ, ಬೇಡ. ಒಳಗೆ ಹೀಟರು ಕೆಂಪಗೆ ಕಾಯ್ತಿರುತ್ತೆ. ಮರಿ ಏಳುತ್ತೋ ಇಲ್ವೋ, ನಿಮ್ಮ ಛಾವಣಿ ಮಾತ್ರ ಏಳುತ್ತೆ." ಡಾಕ್ಟರು ಕೈ ತೊಳೆಯಲು ಎದ್ದರು. "ಕಿಂಡಿ ಬೆರಳಷ್ಟು ಬಿಟ್ಟು ಮುಚ್ಚಿ. ಒಳಗೆ ನೀರಿನ ತಟ್ಟೆ ಇನ್ನೊಂದಿಡಿ. ಆಮೇಲೆ ಮುಟ್ಟಬೇಡಿ. ಅದೇ ಕಷ್ಟದ್ದು."

ನಿಜಕ್ಕೂ ಕಷ್ಟದ್ದು ಅದೇ ಆಯಿತು. ಭಾವ ಕಳಿಸಿದ ಮೊಟ್ಟೆಗಳ ಕೊನೆಯ ಕಂತನ್ನು ಯಂತ್ರದೊಳಗೆ ಜೋಡಿಸಿ, ಕಿಂಡಿ ಸರಿಸಿ, ತಟ್ಟೆಗಳಿಗೆ ನೀರು ತುಂಬಿ ಬಾಗಿಲು ಹಾಕಿದಳು. ಅಲ್ಲಿಗೆ ಕೈಗೆ ಕೆಲಸ ಮುಗಿಯಿತು. ಮೊಟ್ಟೆ ಹೊರಳಿಸುವುದಕ್ಕೆ ಹೊರಗೇ ಒಂದು ಹಿಡಿಯಿತ್ತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದನ್ನು ಎಳೆದರೆ ಸಾಕು. ನಡುವಿನ ಹೊತ್ತನ್ನು ಏನು ಮಾಡುವುದು? ನೆಲ ಒರೆಸಿದಳು. ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಗಂಡನ ಅಂಗಿಯ ಗಟ್ಟಿಯಾಗಿದ್ದ ಗುಂಡಿಗಳನ್ನೂ ಕಿತ್ತು ಹೊಲಿದಳು. ಇರುಕಿನ ಹಾದಿಯಲ್ಲಿ ಕೆಳಗಿನ ಅಂಗಡಿಗೆ ಇಳಿದು, ತರಬೇಕಾದ್ದನ್ನು ಮರೆತು, ಬೇಡವಾದ್ದನ್ನು ಹೊತ್ತು, ಏದುತ್ತ ಹತ್ತಿ ಬಂದಳು. ಬಂದವಳೇ ನೇರ ಹಿಂದಿನ ಕೋಣೆಗೆ. ಗಾಜಿನ ಹಿಂದೆ ಮೊಟ್ಟೆಗಳು ಸುಮ್ಮನೆ ಸಾಲಾಗಿ ಕೂತಿದ್ದವು. ಯಂತ್ರದ ಸಣ್ಣ ಫ್ಯಾನಿನ ಗುಂಯ್‌ಗುಡುವಿಕೆಯ ಹಿಂದೆ ಯಾರೋ ಬಾಯಿ ಬಿಟ್ಟು ಉಸಿರಿಗಾಗಿ ಒದ್ದಾಡಿದಂತೆ ಅವಳಿಗೆ ಕೇಳಿಸುವುದು. ಕೈ ತಾನಾಗಿ ಕಿಂಡಿಯ ಕಡೆ ಹೋಗುವುದು.

ಹಾಗೆ ಹೋದ ಕೈಯನ್ನು ಗಂಡ ಒಂದು ಸಂಜೆ ಕಂಡ. ಬಯ್ಯಲಿಲ್ಲ. ಚೀಲದಿಂದ ತಂತಿ ತೆಗೆದು, ಕಿಂಡಿಯ ಮುಚ್ಚಳವನ್ನು ಇಕ್ಕಳದಲ್ಲಿ ತಿರುಚಿ ಬಿಗಿದುಬಿಟ್ಟ.

"ಇದು ರೋಪ್‌ವೇ ಗಂಟು. ಮನುಷ್ಯರನ್ನೇ ಕಣಿವೆ ದಾಟಿಸುತ್ತೆ. ನಿನ್ನ ಬೆರಳಿಗೆ ಬಗ್ಗಲ್ಲ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?"

"ನಿನ್ನ ಮೇಲಿದೆ. ನಿನ್ನ ಕೈ ಮೇಲಿಲ್ಲ."

ಅವಳು ನಕ್ಕಳು, ನಕ್ಕು ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಕಾಣದವನಂತೆ ಇಕ್ಕಳವನ್ನು ಒರೆಸುತ್ತ ನಿಂತ. "ಕೆಳಗೆ ಹೋದ್ರೆ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟ. ಅಷ್ಟು ದಿನಗಳಲ್ಲಿ ಅವನು ಆ ಮಾತಿನ ಹತ್ತಿರ ಬಂದದ್ದು ಅದೊಂದೇ ಸಲ.

ಅಂದಿನಿಂದ ಅವಳು ತಾಯಿಯ ಪದ್ಯಗಳನ್ನು ಯಂತ್ರದ ಮುಂದೆಯೇ ಹೇಳತೊಡಗಿದಳು. ಬೆಳಗ್ಗೆ ಸ್ನಾನ ಮಾಡಿ, ಬಾಗಿಲ ಬಳಿ ನಿಂತು, ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೇಳುವಳು. ಬಯಲಿನಲ್ಲಿ ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲು ಇಲ್ಲಿ ನಡುವೆಯೇ ಮುರಿಯುತ್ತಿತ್ತು. ಮುರಿದಲ್ಲಿ ನಿಂತು, ಗಾಳಿ ಎಳೆದು, ಮತ್ತೆ ಎತ್ತಿಕೊಳ್ಳಬೇಕು. ದೇವರಿಗೆ ಇದು ಎಡವಿದ ಹಾಗೆ ಕೇಳಿಸುತ್ತದೆಯೋ ಏನೋ ಎಂದು ಅಳುಕು. ಅರ್ಧ ಪದ್ಯಕ್ಕೆ ಮನಸ್ಸು ಲಾರಿಯ ಕಡೆ ಹಾರುವುದು; ಎಲ್ಲಿಗೆ ಬಿಟ್ಟೆನೆಂಬುದೇ ಮರೆತು ಮೊದಲಿಂದ ಶುರು.

ಮೂರು ವಾರ ತುಂಬಲು ಮೂರು ದಿನವಿರುವಾಗ, ಹೊರಳಿಸುವುದನ್ನು ನಿಲ್ಲಿಸಿ ಮೊಟ್ಟೆಗಳನ್ನು ಮಲಗಿಸಿಡುವ ದಿನ, ಬಾಗಿಲು ತೆರೆಯಲೇಬೇಕಿತ್ತು. ತೆರೆದು, ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ಅಗಲದ ತುದಿಯಲ್ಲಿ ಗಾಳಿ ತುಂಬುವ ಜಾಗ ಈ ಸಲ ಅತಿಯಾಗಿ ದೊಡ್ಡದಾಗಿರಲಿಲ್ಲ, ಬಯಲಿನ ಮೊಟ್ಟೆಯಲ್ಲಿ ಇರುವಷ್ಟೇ ಇತ್ತು. ನೀರು ಉಳಿದಿದೆ! ತಟ್ಟನೆ ಬಾಗಿಲು ಹಾಕಿ, ಆ ದಿನವೆಲ್ಲ ಸುಮ್ಮಸುಮ್ಮನೆ ಪಾತ್ರೆ ಬೆಳಗಿದಳು. ಆಸೆ ಬಂದ ಮೇಲೆ ಚಡಪಡಿಕೆ ಇನ್ನಷ್ಟು ಹೆಚ್ಚಿತು.

ಮೂರು ವಾರ ತುಂಬಿದ ದಿನ ಬೆಳಗ್ಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗಾಜಿನೊಳಗೆ ಒಂದೂ ಬಿರುಕಿಲ್ಲ. ಹತ್ತು ಗಂಟೆಗೂ ಇಲ್ಲ. ಮಧ್ಯಾಹ್ನಕ್ಕೂ ಇಲ್ಲ. ಊಟದ ಹೊತ್ತು ದಾಟಿ ಎಷ್ಟೋ ಆದ ಮೇಲೆ ತಿರುವಿನಲ್ಲಿ ಲಾರಿಯ ಹಾರ್ನು ಕೇಳಿಸಿತು. ಗಂಡ ಅಂದು ಕೆಲಸಕ್ಕೆ ಹೋಗಿರಲಿಲ್ಲ. ಇಳಿದು ಹೋಗಿ ಅಣ್ಣನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ.

ಭಾವ ಕುರ್ಚಿಗೆ ಬಿದ್ದ. ದೊಡ್ಡ ದೇಹ; ತುಟಿ ನೀಲಿಗಟ್ಟಿತ್ತು; ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. "ಏನೋ ಇದು," ಎಂದ ಮಾತು ಮಾತಿಗೂ ತಡೆದು, "ನಿಮ್ಮೂರಲ್ಲಿ... ಗಾಳೀನೂ... ರೇಷನ್ನಾ?"

"ಸ್ವಲ್ಪ ಕೂತ್ಕೊ ಅಣ್ಣ, ಸರಿಹೋಗುತ್ತೆ."

"ಕೂರೋಕೆ ಹೊತ್ತಿಲ್ಲ. ಘಟ್ಟದ ತುದೀಲಿ ಆಗಲೇ ಹಿಮ ಉದುರ್ತಿದೆ. ಕತ್ತಲಾಗೋದ್ರೊಳಗೆ ದಾಟದಿದ್ರೆ ಬೇಸಿಗೆ ತನಕ ನಾನೂ ನಿಮ್ಮನೆ ಕೋಳಿಯೇ." ಅವಳ ಕಡೆ ತಿರುಗಿದ. "ಏನಮ್ಮಾ, ಮೊಟ್ಟೆ ಒಡೀತಿವೆಯೋ, ತಪಸ್ಸಿಗೆ ಕೂತಿವೆಯೋ?"

ಅವಳು ದಾರಿ ಬಿಟ್ಟು ಸರಿದಳು. ಭಾವ ಎದ್ದು, ಗೋಡೆ ಹಿಡಿದು, ಹಿಂದಿನ ಕೋಣೆಗೆ ಹೋಗಿ ಗಾಜಿಗೆ ಮುಖ ಇಟ್ಟು ನೋಡಿದ. ಹೊರಗೆ ಬಂದಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಹೊತ್ತು ಮೀರಿದೆ. ನಿನಗೆ ನಾನು ಹೇಳಿಕೊಡಬೇಕಾ?"

"ಇನ್ನೊಂದು ದಿನ ಭಾವ."

"ದಾರಿ ನನ್ನ ಮಾತು ಕೇಳುತ್ತೇನಮ್ಮಾ? ಎರಡು ಸಲ ಆಯ್ತು, ಇದು ಮೂರನೇದು. ನೀನು ಕೈಲಾದ್ದು ಮಾಡಿದೆ. ನನಗೇನು ಸಂತೋಷವಾ ನಿಮ್ಮಿಬ್ಬರನ್ನ ಬೇರೆ ಮಾಡೋಕೆ?" ತಮ್ಮನ ಕಡೆ ನೋಡದೆಯೇ ಹೇಳಿದ, "ಪ್ಲಗ್ಗು ತೆಗಿಯೋ. ಟ್ರೇ ಖಾಲಿ ಮಾಡಿದ್ರೆ ಡ್ರೈವರೂ ನೀನೂ ಸೇರಿ ಮಷಿನ್ ಇಳಿಸಬಹುದು."

ಗಂಡ ಸ್ವಿಚ್ಚಿನ ತನಕ ಹೋದ. ಅಲ್ಲಿ ನಿಂತು ಹೆಂಡತಿಯ ಮುಖ ನೋಡಿದ. ಅವಳು ಬೇಡ ಅಂದರೆ ಅಣ್ಣನ ಎದುರು ನಿಲ್ಲುವವನೇ. ಆದರೆ ಅವಳೇನು ಹೇಳಿಯಾಳು? ಸಾವಿರಾರು ಟ್ರೇಗಳನ್ನು ಇದೇ ಹೊತ್ತಿಗೆ ಖಾಲಿ ಮಾಡಿದ ಕೈ ಅವಳದು. ಕೊಟ್ಟ ಮಾತೂ ಅವಳದೇ.

"ಖಾಲಿ ಮಾಡೋ ತನಕ ಕರೆಂಟ್ ಇರಲಿ," ಎಂದಷ್ಟೇ ಹೇಳಿ, ಬಕೆಟ್ಟು ಎಳೆದುಕೊಂಡು, ಯಂತ್ರದ ಬಾಗಿಲು ತೆರೆದು ಮೊದಲ ಮೊಟ್ಟೆಯನ್ನು ಎತ್ತಿಕೊಂಡಳು.

ಮೊಟ್ಟೆ ಭಾರವಾಗಿತ್ತು. ಹಿಂದಿನ ಎರಡು ಸಲ ಬಕೆಟ್ಟಿಗೆ ಸುರಿದವು ಹೊಟ್ಟಿನ ಹಾಗೆ ಹಗುರಾಗಿದ್ದವು. ಈ ಭಾರಕ್ಕೆ ಅವಳ ಕೈ ಬಕೆಟ್ಟಿನ ಕಡೆ ಹೋಗದೆ ಕಿವಿಯ ಕಡೆ ಹೋಯಿತು.

ಮೊದಲು ತನ್ನದೇ ರಕ್ತದ ಸದ್ದು. ಉಸಿರು ಹಿಡಿದಳು. ಒಳಗೆ ಏನೋ ಕೆರೆಯಿತು. ನಿಂತಿತು. ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೆ ಕೆರೆಯಿತು, ಅದರ ಬೆನ್ನಿಗೇ ನೂಲಿನಷ್ಟು ತೆಳ್ಳಗೆ, ಗೋಡೆಯಾಚೆಯ ಮನೆಯಿಂದ ಬಂದಂತೆ, ಒಂದು ಚಿಂವ್. ದಣಿದ ದನಿ. ಆದರೆ ಸಾಯುವ ದನಿಯಲ್ಲ. ಎರಡು ಸಾಲಿನ ನಡುವೆ ಉಸಿರಿಗೆ ನಿಂತವರ ಹಾಗೆ ಅದು ನಿಂತಿತ್ತು, ಮತ್ತೆ ಎತ್ತಿಕೊಂಡಿತು.

ಆ ಮೊಟ್ಟೆಯನ್ನು ಅದರ ಜಾಗದಲ್ಲೇ ಇಟ್ಟು ಪಕ್ಕದ್ದನ್ನು ತೆಗೆದಳು. ಅದರೊಳಗೂ. ಮೂರನೆಯದು ಮೌನ. ನಾಲ್ಕನೆಯದು ಕೆರೆಯುತ್ತಿತ್ತು. ಅಷ್ಟು ದಿನ ಒಂದು ಗಳಿಗೆ ನಿಲ್ಲದವಳು ಮೊಟ್ಟೆ ಹಿಡಿದು ಹಾಗೆಯೇ ನಿಂತುಬಿಟ್ಟದ್ದು ಕಂಡು ಗಂಡನಿಗೆ ಗಾಬರಿಯಾಯಿತು.

"ಏನಾಯ್ತೇ?"

"ಬದುಕಿವೆ ರೀ. ಭಾವ, ಇಲ್ಲಿ ಬನ್ನಿ. ಕೇಳಿ."

ಭಾವ ಕಿವಿ ಕೊಟ್ಟ. ಕೊಟ್ಟು ತಲೆಯಾಡಿಸಿದ. "ಏನೂ ಇಲ್ಲ."

"ನೀವು ಏದ್ತಿದೀರಿ. ನಿಮ್ಮ ಉಸಿರೇ ನಿಮಗೆ ಕೇಳ್ತಿದೆ. ಹಿಡೀರಿ ಸ್ವಲ್ಪ."

ಹಿಡಿದ. ಈ ಗಾಳಿಯಲ್ಲಿ ಉಸಿರು ಹಿಡಿಯುವುದು ಆ ದೇಹಕ್ಕೆ ಸುಲಭವಾಗಿರಲಿಲ್ಲ. ಮುಖ ಕೆಂಪೇರಿ ಬುಸ್ಸೆಂದು ಬಿಟ್ಟ. "ಆಗಲ್ಲ ಬಿಡಮ್ಮಾ, ಪ್ರಾಣ ಹೋಗುತ್ತೆ."

"ಕೂತ್ಕೊಳ್ಳಿ. ಎದೆ ಇಳೀಲಿ. ಆಮೇಲೆ ಕೇಳಿ."

ಕೆಳಗೆ ಡ್ರೈವರು ಹಾರ್ನ್ ಒತ್ತಿದ. ಭಾವ ಸ್ಟೂಲಿನ ಮೇಲೆ ಕೂತ. ಮೂವರೂ ಅವನ ಉಸಿರು ತಹಬಂದಿಗೆ ಬರುವುದನ್ನು ಕಾದರು. ಹಾರ್ನು ಮತ್ತೆ ಎರಡು ಸಲ ಕೂಗಿತು. ಯಾರೂ ಕಿಟಕಿಗೆ ಹೋಗಲಿಲ್ಲ. ಕೊನೆಗೆ ಭಾವ ಕಣ್ಣು ಮುಚ್ಚಿ ಮೊಟ್ಟೆಯನ್ನು ಕಿವಿಗೆ ಒತ್ತಿಕೊಂಡ. ಅವನ ಹುಬ್ಬು ಮೆಲ್ಲಗೆ ಮೇಲೆ ಸರಿಯಿತು.

ಕಣ್ಣು ತೆರೆದಾಗ ಅವನು ಲಾರಿಯ ಯಜಮಾನನಾಗಿರಲಿಲ್ಲ. ಹ್ಯಾಚರಿಯ ಮನುಷ್ಯನಾಗಿದ್ದ. ಮೊಟ್ಟೆಯನ್ನು ತಾನೇ ಟ್ರೇಯಲ್ಲಿ ಇಟ್ಟು, ಯಂತ್ರದ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

"ತಡವಾಗಿದೆ, ಅಷ್ಟೇ," ಎಂದ. "ಗಾಳಿ ಕಡಿಮೆ, ಬೆಳೆಯೋದೂ ತಡ. ನಮಗೆ ಹೊಳೀಲಿಲ್ಲ ನೋಡು. ಬಯಲಿನ ಪಂಚಾಂಗ ಹಿಡ್ಕೊಂಡು ಬೆಟ್ಟದಲ್ಲಿ ದಿನ ಎಣಿಸ್ತಾ ಕೂತಿದ್ವಿ."

"ಮಾತು ಕೊಟ್ಟಿದ್ದೆ ಭಾವ."

"ಲಾರಿ ಬರೋ ದಿನ ಅಂದದ್ದು ನನ್ನ ಲೆಕ್ಕ. ಮಾತು ಮರಿ ಏಳೋ ದಿನಕ್ಕೆ ತಾನೇ? ಆ ದಿನ ಇನ್ನೂ ಬಂದಿಲ್ಲ. ಕೂಗೋ ಮೊಟ್ಟೇನ ಲಾರೀಲಿ ಕುಲುಕಿಸ್ಕೊಂಡು ಹೋದ್ರೆ ನನ್ನ ಕೈ ನನ್ನನ್ನೇ ಬಯ್ಯುತ್ತೆ." ಎದ್ದು ತಮ್ಮನ ಭುಜ ಹಿಡಿದ. "ಇಳಿಸೋ ನನ್ನ. ಬೇಸಿಗೇಲಿ ಬರ್ತೀನಿ. ಅಷ್ಟರಲ್ಲಿ ನಿನ್ನ ಹೆಂಡತಿ ನಿನ್ನನ್ನೂ ಕಾವಿಗೆ ಇಡದಿದ್ರೆ ಸಾಕು."

ಲಾರಿ ಖಾಲಿಯಾಗಿ ತಿರುವು ದಾಟಿತು. ಬೂದು ಆಕಾಶ ಕೆಳಕ್ಕಿಳಿದು ದಾರಿಯನ್ನು ನುಂಗಿತು.

ಮರುದಿನ ಬೆಳಗ್ಗೆ ಮೊದಲ ಬಿರುಕು ಕಂಡಿತು. ಮಧ್ಯಾಹ್ನಕ್ಕೆ ಗಾಜಿನ ಹಿಂದೆ ಅಲ್ಲಲ್ಲಿ ಚಿಪ್ಪು ಅಲುಗಾಡುತ್ತಿತ್ತು. ಕೊಕ್ಕು ಒಂದು ಸಲ ಕುಟ್ಟುವುದು, ದಣಿದು ಮಲಗುವುದು, ಮತ್ತೆ ಕುಟ್ಟುವುದು. ಬಯಲಿನ ಮರಿಗಳಿಗೆ ಇಷ್ಟು ಹೊತ್ತು ಹಿಡಿದದ್ದನ್ನು ಅವಳು ಕಂಡಿರಲಿಲ್ಲ. ಎಷ್ಟೋ ಮೊಟ್ಟೆಗಳು ಬಿರುಕು ಬಿಟ್ಟು ಅಲ್ಲಿಗೇ ನಿಂತವು. ಎಷ್ಟೋ ಮೌನವಾಗಿಯೇ ಉಳಿದವು. ಆದರೂ ಸಂಜೆಯ ಹೊತ್ತಿಗೆ ಟ್ರೇಯ ಮೂರನೇ ಒಂದು ಪಾಲಿನಷ್ಟು ಮರಿಗಳು ಒದ್ದೆ ಮೈಯಲ್ಲಿ ಒಂದರ ಮೇಲೊಂದು ಬಿದ್ದು, ಬಾಯಿ ಅಗಲಿಸಿ ಉಸಿರಾಡುತ್ತಿದ್ದವು. ಉಸಿರಾಡುತ್ತ ಉಸಿರಾಡುತ್ತ ಏದುಸಿರು ಇಳಿದು ಬಾಯಿ ಮುಚ್ಚಿಕೊಂಡವು.

ಗಂಡ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. "ಆಯ್ತಲ್ಲ, ನಿನ್ನ ಮನೆ ತುಂಬಿತು. ಈಗಲಾದರೂ ಕೂರು ಒಂದು ಗಳಿಗೆ."

ಅವಳು ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಗುಂಡಿ ಹಿಮದಲ್ಲಿ ಮುಚ್ಚಿಹೋಗಿತ್ತು.

"ಆ ಎರಡು ಸಲದವು," ಎಂದಳು. "ಒಂದನ್ನೂ ಕಿವಿಗೆ ಹಿಡೀಲಿಲ್ಲ ರೀ ನಾನು. ಹೊತ್ತಾಯ್ತು ಅಂತ ಸುರಿದುಬಿಟ್ಟೆ."

"ಡಾಕ್ಟ್ರು ಒಡೆದು ನೋಡಿದ್ರಲ್ಲ. ಒಣಗಿ ಸತ್ತಿದ್ವು."

"ಅವರು ನೋಡಿದ್ದು ನಾಲ್ಕು."

ಅವನು ಹತ್ತಿರ ಬಂದು ನಿಂತ. ಅವಳು ದೇವರ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡಳು. ಅಷ್ಟಕ್ಕೆ ಮನಸ್ಸು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಯಂತ್ರದ ಬಾಗಿಲು ತೆರೆದು, ಮೈ ಒಣಗಿದ ಮರಿಯೊಂದನ್ನು ಅಂಗೈಗೆ ತೆಗೆದುಕೊಂಡು, ಅದರ ಪುಟ್ಟ ರೆಕ್ಕೆಯನ್ನು ಎರಡು ಬೆರಳಲ್ಲಿ ಬಿಡಿಸಿ ದೀಪದ ಕಡೆ ಹಿಡಿದಳು.

"ಏನು ಹುಡುಕ್ತಿದೀಯೇ?"

"ಹೆಣ್ಣೆಷ್ಟು ಅಂತ. ರೆಕ್ಕೆಯ ಗರಿ ನೋಡಿದ್ರೆ ಗೊತ್ತಾಗುತ್ತೆ. ಬೇಸಿಗೆ ದಾಟಿದ್ರೆ ಇವು ಇಲ್ಲೇ ಮೊಟ್ಟೆ ಇಡ್ತವೆ. ಆ ಚಿಪ್ಪು ಹೇಗಿರುತ್ತೋ ನೋಡಬೇಕು." ಮರಿಯನ್ನು ಅವನ ಅಂಗೈಗೆ ಹಾಕಿ ಮುಂದಿನದಕ್ಕೆ ಕೈ ಚಾಚಿದಳು. "ಹಿಡ್ಕೊಳ್ಳಿ, ಬಿಗಿ ಮಾಡಬೇಡಿ. ಉಸಿರಾಡಲಿ."